ಪ್ರೆಸ್ಟನ್‌ನ ಪ್ಲಂಬರ್: ಟಾಮ್ ಫಿನ್ನಿ ಬಿಟ್ಟು ಹೋಗದ ಊರು

1952ರ ಮೇ ತಿಂಗಳು. ಇಂಗ್ಲೆಂಡ್ ತಂಡ ಇಟಲಿಗೆ ಆಡಲು ಹೋಗಿತ್ತು. ಫ್ಲಾರೆನ್ಸ್‌ನಲ್ಲಿ ನಡೆದ ಪಂದ್ಯ 1-1 ಡ್ರಾ ಆಯಿತು. ಆ ಪ್ರವಾಸದಲ್ಲೇ ಪಲೆರ್ಮೊ ಕ್ಲಬ್‌ನ ಅಧ್ಯಕ್ಷ, ಸಿಸಿಲಿಯ ದೊಡ್ಡ ಮನೆತನದ ರಾಜಕುಮಾರ, ಇಂಗ್ಲೆಂಡಿನ ಒಬ್ಬ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡಿ ಆಡುವ ಆಟಗಾರನ ಮುಂದೆ ಒಂದು ಮಾತು ಇಟ್ಟ. ನಮ್ಮ ಕ್ಲಬ್‌ಗೆ ಬನ್ನಿ. ಸಹಿ ಹಾಕಿದ ಕೂಡಲೇ 10,000 ಪೌಂಡ್. ತಿಂಗಳಿಗೆ 130 ಪೌಂಡ್ ಸಂಬಳ. ಅದರ ಮೇಲೆ ಬೋನಸ್. ಸಮುದ್ರದ ಹತ್ತಿರ ಒಂದು ಬಂಗಲೆ, ಓಡಾಡಲು ಕಾರು, ಹೆಂಡತಿ ಮಕ್ಕಳು ಬಂದು ಹೋಗುವ ಖರ್ಚು.

ಆ ವಿಂಗರ್ ಹೆಸರು ಟಾಮ್ ಫಿನ್ನಿ. ವಯಸ್ಸು 30. ಆಗ ಇಂಗ್ಲೆಂಡಿನಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನಿಗೆ ಕೊಡಬಹುದಾಗಿದ್ದ ಅತಿ ಹೆಚ್ಚು ಸಂಬಳ ವಾರಕ್ಕೆ 14 ಪೌಂಡ್. ಲೆಕ್ಕ ಹಾಕಿ ನೋಡಿ. ಸಹಿಗೆ ಕೊಡುತ್ತೇನೆ ಅಂದ ಮೊತ್ತ ಒಂದೇ ಸುಮಾರು 14 ವರ್ಷದ ದುಡಿಮೆಗೆ ಸಮ.

ಫಿನ್ನಿ ಊರಿಗೆ ಬಂದು ತಮ್ಮ ಕ್ಲಬ್ ಪ್ರೆಸ್ಟನ್ ನಾರ್ತ್ ಎಂಡ್‌ನ ಅಧ್ಯಕ್ಷರಿಗೆ ವಿಷಯ ಹೇಳಿದರು. ನಮಗೆ ಆಡದಿದ್ದರೆ ನೀನು ಯಾರಿಗೂ ಆಡುವುದಿಲ್ಲ ಅನ್ನುವ ಅರ್ಥದ ಉತ್ತರ ಬಂತು. ಅಷ್ಟೇ. ಮಾತು ಅಲ್ಲಿಗೇ ಮುಗಿಯಿತು. ಮುಂದಿನ ಸೀಸನ್‌ಗೆ ಫಿನ್ನಿ ಮತ್ತೆ ಪ್ರೆಸ್ಟನ್‌ನ ಬಿಳಿ ಅಂಗಿ ಹಾಕಿಕೊಂಡು ಮೈದಾನಕ್ಕಿಳಿದರು.

ಶನಿವಾರ ರಾತ್ರಿ ಟಿವಿ ಮುಂದೆ ಕೂತು ಪ್ರೀಮಿಯರ್ ಲೀಗ್ ನೋಡುವ ನಮ್ಮಂಥವರಿಗೆ ಇದು ನಂಬಲು ಕಷ್ಟ. ಈಗ ಆಟಗಾರನಿಗೆ ಏಜೆಂಟ್ ಇದ್ದಾನೆ, ವಕೀಲ ಇದ್ದಾನೆ. ಗುತ್ತಿಗೆ ಮುಗಿದರೆ ಬೇಕಾದ ಕಡೆ ಹೋಗಬಹುದು. ಆದ್ದರಿಂದಲೇ ಹಳೆಯ ಕಾಲದ ಆಟಗಾರರ ಬಗ್ಗೆ ಮಾತು ಬಂದಾಗ ಎಲ್ಲರೂ ಒಂದೇ ರಾಗ ಎಳೆಯುತ್ತಾರೆ. ಆಗ ನಿಷ್ಠೆ ಇತ್ತು, ಈಗ ಬರೀ ದುಡ್ಡು ಅಂತ. ಈ ಮಾತಿಗೆ ಉದಾಹರಣೆಯಾಗಿ ಮೊದಲು ಬರುವ ಹೆಸರೇ ಟಾಮ್ ಫಿನ್ನಿ. ಒಂದೇ ಊರು, ಒಂದೇ ಕ್ಲಬ್. ನನಗೆ ಮಾತ್ರ ಈ ಹೊಗಳಿಕೆ ಓದಿದಾಗಲೆಲ್ಲ ಏನೋ ಚುಚ್ಚುತ್ತದೆ. ಹೊರಗೆ ಹೋಗಲು ಬಾಗಿಲೇ ಇಲ್ಲದ ಮನೆಯಲ್ಲಿ ಉಳಿದವನನ್ನು ನೋಡಿ, ಎಷ್ಟು ನಿಷ್ಠೆ ಅನ್ನುವುದು ಸರಿಯೇ?

ಹಾಗಂತ ಫಿನ್ನಿಯವರಿಗೆ ಪ್ರೆಸ್ಟನ್ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಇತ್ತು, ಬೆಟ್ಟದಷ್ಟಿತ್ತು. ಆ ಪ್ರೀತಿಯನ್ನೂ ಈ ಕಟ್ಟನ್ನೂ ಬೇರೆ ಬೇರೆಯಾಗಿ ನೋಡಬೇಕು ಅನ್ನುವುದಷ್ಟೇ ನನ್ನ ಮಾತು.

ಪ್ರೆಸ್ಟನ್ ಇರುವುದು ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಷೈರ್‌ನಲ್ಲಿ, ರಿಬ್ಬಲ್ ನದಿಯ ದಂಡೆ ಮೇಲೆ. ಹತ್ತಿ ಗಿರಣಿಗಳ ಊರು. 1888-89ರಲ್ಲಿ ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ ಶುರುವಾದಾಗ ಒಂದೂ ಪಂದ್ಯ ಸೋಲದೆ ಗೆದ್ದದ್ದು ಇದೇ ಪ್ರೆಸ್ಟನ್ ನಾರ್ತ್ ಎಂಡ್. ಅದೇ ವರ್ಷ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಕೂಡ ಅವರದೇ. ಕ್ಲಬ್‌ನ ಮೈದಾನದ ಹೆಸರು ಡೀಪ್‌ಡೇಲ್. 1922ರ ಏಪ್ರಿಲ್ 5ರಂದು ಟಾಮ್ ಹುಟ್ಟಿದ ಮನೆ ಆ ಮೈದಾನದಿಂದ ನಡೆದೇ ಹೋಗುವಷ್ಟು ಹತ್ತಿರ. ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಹೋದಳು. ಹುಡುಗ ಸಣ್ಣಗೆ, ನಿಶ್ಶಕ್ತ. ಕುತ್ತಿಗೆಯ ಗ್ರಂಥಿಗೆ ಸೋಂಕು ತಗುಲಿ ವರ್ಷಗಟ್ಟಲೆ ಕಾಡಿತು. ಇವನು ದೊಡ್ಡ ಆಟಗಾರನಾಗುತ್ತಾನೆ ಅಂತ ನೋಡಿದವರು ಯಾರೂ ಹೇಳುತ್ತಿರಲಿಲ್ಲ. ಅವನ ಕಣ್ಣೆಲ್ಲ ಅಲೆಕ್ಸ್ ಜೇಮ್ಸ್ ಮೇಲೆ. ದೊಗಲೆ ಚಡ್ಡಿ ಹಾಕಿಕೊಂಡು ಚೆಂಡನ್ನು ಆಡಿಸುತ್ತಿದ್ದ ಆ ಸ್ಕಾಟ್ಲೆಂಡಿನ ಆಟಗಾರ ಆಗ ಪ್ರೆಸ್ಟನ್‌ನಲ್ಲಿದ್ದರು.

ಹುಟ್ಟಿನಿಂದ ಟಾಮ್ ಎಡಗಾಲಿನವನು. ಬಲಗಾಲನ್ನು ಅಭ್ಯಾಸ ಮಾಡಿ ಮಾಡಿ ಪಳಗಿಸಿದ. ಎಷ್ಟರ ಮಟ್ಟಿಗೆ ಅಂದರೆ ಮುಂದೆ ಬಲಬದಿಯ ಔಟ್‌ಸೈಡ್ ರೈಟ್ ಆಗಿಯೇ ಹೆಸರಾದ. ಬೇಕೆಂದಾಗ ಎಡಬದಿ, ಬೇಕೆಂದಾಗ ನಡುವೆ. ಎರಡು ಕಾಲಲ್ಲೂ ಒಂದೇ ಸಮ ಆಡುವ ವಿಂಗರ್ ಎದುರು ಬಂದರೆ ಅವನನ್ನು ತಡೆಯಬೇಕಾದ ಫುಲ್‌ಬ್ಯಾಕ್ ಏನು ಮಾಡಬೇಕು? ಒಳಗೆ ಬರುತ್ತಾನೋ, ಗೆರೆ ಹಿಡಿದು ಓಡುತ್ತಾನೋ, ಮೊದಲೇ ಊಹಿಸುವ ಹಾಗೇ ಇಲ್ಲ.

ಹುಡುಗ ಇನ್ನೂ ಹದಿಹರೆಯದಲ್ಲಿದ್ದಾಗಲೇ ಪ್ರೆಸ್ಟನ್ ಕ್ಲಬ್ ಕರೆಯಿತು. ಮೈದಾನದ ಸಿಬ್ಬಂದಿಯಾಗಿ ಸೇರಿಕೋ, ವಾರಕ್ಕೆ ಎರಡೂವರೆ ಪೌಂಡ್ ಕೊಡುತ್ತೇವೆ ಅಂತ. ಹುಡುಗನಿಗೆ ಸ್ವರ್ಗವೇ ಸಿಕ್ಕಷ್ಟು ಖುಷಿ. ಅಪ್ಪ ಆಲ್ಫ್ ಬೇಡ ಅಂದುಬಿಟ್ಟರು. ಮೊದಲು ಪ್ಲಂಬಿಂಗ್ ಕೆಲಸ ಪೂರ್ತಿ ಕಲಿತುಕೋ, ಆಮೇಲೆ ಫುಟ್‌ಬಾಲ್. ಆ ಹೊತ್ತಿನಲ್ಲಿ ಮಗನಿಗೆ ಎಷ್ಟು ಕಹಿ ಅನಿಸಿರಬೇಕು! ಆದರೆ ಟಾಮ್ ಫಿನ್ನಿಯವರ ಇಡೀ ಬದುಕನ್ನು ಕಾಪಾಡಿದ್ದು ಆ ಒಂದು ಮಾತು ಅಂತ ನಾನು ನಂಬುತ್ತೇನೆ. ಕೈಯಲ್ಲೊಂದು ಕಸುಬು ಇದ್ದದ್ದರಿಂದ ಅವರು ಕ್ಲಬ್‌ನ ಮುಂದೆ ಯಾವತ್ತೂ ಬರೀ ಕೈಯಲ್ಲಿ ನಿಲ್ಲಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

1940ರಲ್ಲಿ ವೃತ್ತಿಪರನಾಗಿ ಸಹಿ ಹಾಕಿದರು. ಆಗ ಯುದ್ಧ ಶುರುವಾಗಿತ್ತು, ಲೀಗ್ ನಿಂತಿತ್ತು. ಯುದ್ಧಕಾಲದ ಟೂರ್ನಿಗಳಷ್ಟೇ ನಡೆಯುತ್ತಿದ್ದವು. 1941ರ ವಾರ್ ಕಪ್ ಫೈನಲ್‌ನಲ್ಲಿ 19 ವರ್ಷದ ಫಿನ್ನಿ ವೆಂಬ್ಲಿಯಲ್ಲಿ ಆರ್ಸೆನಲ್ ವಿರುದ್ಧ ಆಡಿದರು. ಪಂದ್ಯ 1-1. ಬ್ಲ್ಯಾಕ್‌ಬರ್ನ್‌ನಲ್ಲಿ ನಡೆದ ಮರುಪಂದ್ಯವನ್ನು ಪ್ರೆಸ್ಟನ್ 2-1ರಿಂದ ಗೆದ್ದಿತು. ಮರುವರ್ಷ ಸೇನೆಯ ಕರೆ ಬಂತು. ಮೊದಲು ಈಜಿಪ್ಟ್, ಆಮೇಲೆ ಇಟಲಿ. ಮಾಂಟ್‌ಗೊಮರಿಯ ಎಂಟನೇ ಸೇನೆಯಲ್ಲಿ ಟ್ಯಾಂಕ್ ಓಡಿಸುವ ಕೆಲಸ. 1945ರ ಏಪ್ರಿಲ್‌ನಲ್ಲಿ ಇಟಲಿಯ ಅರ್ಜೆಂಟಾ ಬಳಿ ನಡೆದ ಕೊನೆಯ ದೊಡ್ಡ ಹೋರಾಟದಲ್ಲೂ ಅವರಿದ್ದರು. ಏಳು ವರ್ಷದ ನಂತರ ಅದೇ ದೇಶದಿಂದ ಒಬ್ಬ ರಾಜಕುಮಾರ ಬಂಗಲೆ ಕೊಡುತ್ತೇನೆ ಅಂತ ಕರೆಯುತ್ತಾನೆ ಅಂತ ಆ ಟ್ಯಾಂಕಿನೊಳಗೆ ಕೂತವನಿಗೆ ಕನಸಾದರೂ ಬಿದ್ದಿರುತ್ತದೆಯೇ?

ಹೀಗಾಗಿ ಫಿನ್ನಿಯವರ ಮೊದಲ ಲೀಗ್ ಪಂದ್ಯ 1946ರ ಆಗಸ್ಟ್ 31ರಂದು, ಲೀಡ್ಸ್ ವಿರುದ್ಧ. ವಯಸ್ಸು ಆಗಲೇ 24. ಗೋಲು ಹೊಡೆದರು. ನಾಲ್ಕೇ ವಾರಕ್ಕೆ ಇಂಗ್ಲೆಂಡ್ ತಂಡದಲ್ಲಿದ್ದರು. ಸೆಪ್ಟೆಂಬರ್ 28, ಬೆಲ್‌ಫಾಸ್ಟ್‌ನ ವಿಂಡ್ಸರ್ ಪಾರ್ಕ್. ಇಂಗ್ಲೆಂಡಿನ ಹೆಸರಾಂತ ವಿಂಗರ್ ಸ್ಟ್ಯಾನ್ಲಿ ಮ್ಯಾಥ್ಯೂಸ್ ಗಾಯಗೊಂಡಿದ್ದರಿಂದ ಸಿಕ್ಕ ಅವಕಾಶ ಅದು. ಇಂಗ್ಲೆಂಡ್ 7-2ರಿಂದ ಗೆದ್ದಿತು, ಅದರಲ್ಲಿ ಒಂದು ಗೋಲು ಫಿನ್ನಿಯವರದು.

ಅಲ್ಲಿಂದ ಮುಂದೆ ಇಂಗ್ಲೆಂಡಿಗೆ ಒಂದು ಚರ್ಚೆ ಸಿಕ್ಕಿತು. ಮ್ಯಾಥ್ಯೂಸೋ ಫಿನ್ನಿಯೋ? ಮ್ಯಾಥ್ಯೂಸ್ 1947ರಲ್ಲಿ ಸೇರಿದ ಬ್ಲ್ಯಾಕ್‌ಪೂಲ್ ಪ್ರೆಸ್ಟನ್‌ನಿಂದ ಒಂದು ಗಂಟೆಯ ದಾರಿಯೂ ಅಲ್ಲ. ಇಬ್ಬರೂ ಬಲಬದಿಯವರು. ಪತ್ರಿಕೆಗಳು ಇದನ್ನು ಜಗಳ ಮಾಡಲು ನೋಡಿದವು. 1947ರ ಮೇ 25ರಂದು ಲಿಸ್ಬನ್‌ನಲ್ಲಿ ಆಯ್ಕೆಗಾರರು ಇಬ್ಬರನ್ನೂ ಆಡಿಸಿದರು. ಮ್ಯಾಥ್ಯೂಸ್ ಬಲಕ್ಕೆ, ಫಿನ್ನಿ ಎಡಕ್ಕೆ. ಪೋರ್ಚುಗಲ್ 10-0ರಿಂದ ಸೋತಿತು. ನಡುವೆ ಆಡಿದ ಲಾಟನ್ ಮತ್ತು ಮಾರ್ಟೆನ್ಸನ್ ತಲಾ ನಾಲ್ಕು ಗೋಲು, ಎರಡು ಬದಿಯ ವಿಂಗರ್‌ಗಳು ತಲಾ ಒಂದು. ಇದಕ್ಕಿಂತ ಒಳ್ಳೆಯ ಉತ್ತರ ಇನ್ನೇನು ಬೇಕು? ನನ್ನನ್ನು ಕೇಳಿದರೆ ಫಿನ್ನಿ ಅನ್ನುತ್ತೇನೆ. ಮ್ಯಾಥ್ಯೂಸ್ ಒಂದು ಜಾಗದಲ್ಲಿ ನಿಂತು ಮಾಡುತ್ತಿದ್ದ ಮೋಡಿಯನ್ನು ಫಿನ್ನಿ ಮೂರು ಜಾಗದಲ್ಲಿ ಮಾಡುತ್ತಿದ್ದರು, ಜೊತೆಗೆ ಗೋಲೂ ಹೊಡೆಯುತ್ತಿದ್ದರು. ಇಂಗ್ಲೆಂಡಿಗೆ 76 ಪಂದ್ಯ, 30 ಗೋಲು. ಅವರ ಹಿಂದೆ ಹಾಫ್‌ಬ್ಯಾಕ್ ಆಗಿ ಆಡಿದ ಬಿಲ್ ಶ್ಯಾಂಕ್ಲಿ ಮುಂದೆ ಲಿವರ್‌ಪೂಲ್‌ನ ಮಹಾ ಮ್ಯಾನೇಜರ್ ಆದರು. ಫಿನ್ನಿ ಮೇಲೆ ಓವರ್‌ಕೋಟ್ ಹಾಕಿ ಆಡಿಸಿದ್ದರೂ ಯಾವ ಕಾಲದ ಯಾವ ತಂಡದಲ್ಲೂ ದೊಡ್ಡವರೇ ಆಗಿರುತ್ತಿದ್ದರು ಅನ್ನುವುದು ಶ್ಯಾಂಕ್ಲಿಯ ತೀರ್ಪು.

ಈಗ ಆ ಕಟ್ಟಿನ ವಿಷಯಕ್ಕೆ ಬರೋಣ. ಅದಕ್ಕೆ ಎರಡು ಗಂಟು.

ಮೊದಲನೆಯದು ಸಂಬಳದ ಮಿತಿ. 1901ರಲ್ಲಿ ವಾರಕ್ಕೆ 4 ಪೌಂಡ್ ಅಂತ ಶುರುವಾದದ್ದು. 1947ರಲ್ಲಿ 12, 1951ರಲ್ಲಿ 14, 1958ರ ಹೊತ್ತಿಗೆ 20. ದೇಶದ ಅತ್ಯುತ್ತಮ ಆಟಗಾರನಾದರೂ ಇದಕ್ಕಿಂತ ಒಂದು ಪೆನ್ನಿ ಜಾಸ್ತಿ ಕೊಡುವ ಹಾಗಿಲ್ಲ. ಯುದ್ಧದ ನಂತರ ಜನ ಮೈದಾನಗಳಿಗೆ ನುಗ್ಗಿ ಬರುತ್ತಿದ್ದ ಕಾಲ ಅದು. 1948-49ರ ಒಂದೇ ಸೀಸನ್‌ನಲ್ಲಿ ಲೀಗ್ ಪಂದ್ಯಗಳಿಗೆ 4.1 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು. ಆ ದುಡ್ಡು ಯಾರಿಗಾಗಿ ಬಂತೋ ಅವರ ಕೈಗೆ ಬರಲಿಲ್ಲ.

ಎರಡನೆಯದು ಇನ್ನೂ ಬಿಗಿ. ಆಟಗಾರನ ಗುತ್ತಿಗೆ ಒಂದು ವರ್ಷದ್ದು. ವರ್ಷ ಮುಗಿದ ಮೇಲೆ ಕ್ಲಬ್ ಅವನನ್ನು ಉಳಿಸಿಕೊಳ್ಳುವ ಪಟ್ಟಿಗೆ ಹಾಕಬಹುದು. ಗುತ್ತಿಗೆ ಮುಗಿದಿದೆ, ಆದರೆ ನೋಂದಣಿ ಕ್ಲಬ್ ಹತ್ತಿರವೇ ಇದೆ. ಕ್ಲಬ್ ಬಿಡುವವರೆಗೆ ಅವನು ಬೇರೆಲ್ಲೂ ಆಡುವಂತಿಲ್ಲ. ಅವರು ಕೊಟ್ಟ ಷರತ್ತಿಗೆ ಸಹಿ ಹಾಕದಿದ್ದರೆ ಸಂಬಳವೂ ಇಲ್ಲ. ಒಂದು ಕಡೆ ಕೆಲಸ ಇಲ್ಲ, ಇನ್ನೊಂದು ಕಡೆ ಕೆಲಸ ಮಾಡುವ ಹಕ್ಕೂ ಇಲ್ಲ. 1950ರ ದಶಕದ ಮಧ್ಯದಲ್ಲಿ ಆಟಗಾರರ ಸಂಘದ ಮುಖ್ಯಸ್ಥ ಜಿಮ್ಮಿ ಗತ್ರಿ, ಕಾರ್ಮಿಕ ಸಂಘಗಳ ಮಹಾಸಭೆಯಲ್ಲಿ ಎದ್ದು ನಿಂತು, ಬ್ರಿಟನ್ನಿನ ಕೊನೆಯ ಜೀತದಾಳುಗಳ ಪರವಾಗಿ ಮಾತಾಡುತ್ತಿದ್ದೇನೆ ಅಂದರು. ಚಪ್ಪಾಳೆಗಾಗಿ ಹೇಳಿದ ಮಾತಲ್ಲ ಅದು. ಪ್ರತಿ ಆಟಗಾರನೂ ಬೇಸಿಗೆ ಬಂದಾಗ ಎದುರಿಸುತ್ತಿದ್ದ ಸ್ಥಿತಿ.

ತಪ್ಪಿಸಿಕೊಳ್ಳಲು ನೋಡಿದವರ ಕಥೆ ಏನಾಯಿತು? ಸ್ಟೋಕ್‌ನ ನೀಲ್ ಫ್ರಾಂಕ್ಲಿನ್ ಇಂಗ್ಲೆಂಡಿನ ಸೆಂಟರ್ ಹಾಫ್. 1950ರಲ್ಲಿ ಕೊಲಂಬಿಯಾದ ಬೊಗೊಟಾಕ್ಕೆ ಹೋದರು. ಅಲ್ಲಿನ ಲೀಗ್ ಫಿಫಾದ ಹೊರಗಿತ್ತು, ಹಾಗಾಗಿ ನೋಂದಣಿಯ ಕಾಟ ಇರಲಿಲ್ಲ. ಬೇಗನೆ ವಾಪಸ್ ಬಂದರು. ಬಂದವರಿಗೆ ನಿಷೇಧ. ಮತ್ತೆಂದೂ ಇಂಗ್ಲೆಂಡಿಗೆ ಆಡಲಿಲ್ಲ.

ವಿಲ್ಫ್ ಮ್ಯಾನಿಯನ್ ಕಥೆ ನನ್ನನ್ನು ಇನ್ನೂ ಜಾಸ್ತಿ ಕಲಕುತ್ತದೆ. ಮಿಡಲ್ಸ್‌ಬರೋದ ಚಿನ್ನದ ಕೂದಲಿನ ಇನ್‌ಸೈಡ್ ಫಾರ್ವರ್ಡ್. 1946ರ ಬೆಲ್‌ಫಾಸ್ಟ್ ಪಂದ್ಯದಲ್ಲಿ ಫಿನ್ನಿ ಜೊತೆಗೇ ಇಂಗ್ಲೆಂಡಿಗೆ ಕಾಲಿಟ್ಟು ಮೂರು ಗೋಲು ಹೊಡೆದವರು. 1948ರಲ್ಲಿ ಅವರು ಹೊಸ ಗುತ್ತಿಗೆಗೆ ಸಹಿ ಹಾಕಲು ಒಪ್ಪಲಿಲ್ಲ. ಓಲ್ಡಮ್‌ಗೆ ಹೋಗಬೇಕು ಅಂದರು. ಕ್ಲಬ್ ಕೈಗೆಟುಕದ ಬೆಲೆ ಇಟ್ಟಿತು. ತಿಂಗಳುಗಟ್ಟಲೆ ಮ್ಯಾನಿಯನ್ ಆಡದೆ ಕೂತರು, ಸಂಬಳವಿಲ್ಲದೆ. ಕೊನೆಗೆ 1949ರ ಶುರುವಿನಲ್ಲಿ ತಲೆ ಬಗ್ಗಿಸಿ ವಾಪಸ್ ಬಂದು ಸಹಿ ಹಾಕಿದರು. ಆಟ ಬಿಟ್ಟ ಮೇಲೆ ಕಾರ್ಖಾನೆ, ಕಟ್ಟಡ ಅಂತ ಕೂಲಿ ಕೆಲಸ ಮಾಡಿ ಬದುಕಿದರು. ಇಂಗ್ಲೆಂಡಿನ ಜನ ಕಂಡ ಅತಿ ಸುಂದರ ಆಟಗಾರರಲ್ಲಿ ಒಬ್ಬರು!

ಫಿನ್ನಿ ಮತ್ತು ಮ್ಯಾನಿಯನ್ ನಡುವೆ ಪ್ರತಿಭೆಯಲ್ಲಿ ಅಂಥ ಅಂತರವೇನಿರಲಿಲ್ಲ. ಅಂತರ ಇದ್ದದ್ದು ಆ ಪ್ಲಂಬಿಂಗ್ ಕೆಲಸದಲ್ಲಿ. ಫಿನ್ನಿ ಆಡುತ್ತಿದ್ದಾಗಲೇ ಪ್ರೆಸ್ಟನ್‌ನಲ್ಲಿ ತಮ್ಮದೇ ವ್ಯವಹಾರ ಕಟ್ಟಿಕೊಂಡರು. ಅದನ್ನು ನೋಡಿಕೊಳ್ಳಲು ಜೊತೆಗೆ ಅಣ್ಣ ಜೋ. ಅಭ್ಯಾಸ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಶನಿವಾರ 30,000 ಜನರ ಮುಂದೆ ಆಡಿದವರು ಸೋಮವಾರ ಯಾರದೋ ಮನೆಯ ಪೈಪು ನೋಡುತ್ತಿದ್ದರು. ಪ್ರೆಸ್ಟನ್ ಪ್ಲಂಬರ್ ಅನ್ನುವ ಅಡ್ಡಹೆಸರು ಬಂದದ್ದು ಹೀಗೆ. ಪತ್ರಿಕೆಗಳು ಅದನ್ನು ಮುದ್ದಾದ ಸುದ್ದಿಯಾಗಿ ಬರೆದವು. ನನಗೆ ಅದು ಸುಮ್ನೆ ಮುದ್ದಾದ ಸಂಗತಿ ಅನಿಸುವುದಿಲ್ಲ. ಇಷ್ಟು ದೊಡ್ಡ ಆಟಗಾರ ಇನ್ನೊಂದು ಕೆಲಸ ಮಾಡಬೇಕಾಗಿ ಬಂದದ್ದರಲ್ಲಿ ಅನ್ಯಾಯ ಇದೆ. ಆ ಕೆಲಸವನ್ನು ಅವರು ಅಷ್ಟು ಚೆನ್ನಾಗಿ, ನಾಚಿಕೆ ಇಲ್ಲದೆ ಮಾಡಿದ್ದರಲ್ಲಿ ಘನತೆಯೂ ಇದೆ.

ಪಲೆರ್ಮೊ ಬಾಗಿಲು ಮುಚ್ಚಿದ ಮೇಲೆ ಏನಾಯಿತು ನೋಡಿ. ಮುನಿಸಿಕೊಂಡು ಅರ್ಧ ಮನಸ್ಸಿನಿಂದ ಆಡುವ ಎಲ್ಲ ಕಾರಣ ಅವರಿಗಿತ್ತು. ಆದರೆ 1952-53 ಪ್ರೆಸ್ಟನ್ ಇತಿಹಾಸದ ಅತಿ ರೋಚಕ ಸೀಸನ್‌ಗಳಲ್ಲಿ ಒಂದು. ಕೊನೆಯ ಪಂದ್ಯದಲ್ಲಿ ಡಾರ್ಬಿ ಕೌಂಟಿ ಕ್ಲಬ್ ವಿರುದ್ಧ ಫಿನ್ನಿ ಪೆನಾಲ್ಟಿ ಹೊಡೆದು 1-0ರಿಂದ ಗೆಲ್ಲಿಸಿದರು. ಪ್ರೆಸ್ಟನ್ 54 ಅಂಕದೊಂದಿಗೆ ಮೇಲಿತ್ತು. ಆರ್ಸೆನಲ್‌ಗೆ ಇನ್ನೂ ಒಂದು ಪಂದ್ಯ ಬಾಕಿ. 1953ರ ಮೇ 1ರಂದು ಅವರು ಬರ್ನ್ಲಿಯನ್ನು 3-2ರಿಂದ ಸೋಲಿಸಿ ಅದೇ 54ಕ್ಕೆ ಬಂದರು. ಗೆಲುವು, ಡ್ರಾ, ಸೋಲು ಎಲ್ಲ ಇಬ್ಬರದೂ ಒಂದೇ. ಆಗ ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವ ನಿಯಮ. ಆರ್ಸೆನಲ್ 97ಕ್ಕೆ 64. ಪ್ರೆಸ್ಟನ್ 85ಕ್ಕೆ 60. ಭಾಗಿಸಿದರೆ ಸುಮಾರು 1.52 ಮತ್ತು 1.42. ದಶಮಾಂಶದ ಆಚೆಗಿನ ಒಂದು ಅಂಕಿಯಲ್ಲಿ ಪ್ರೆಸ್ಟನ್ ಕೈಯಿಂದ ಲೀಗ್ ಜಾರಿತು.

ಮರುವರ್ಷ ಎಫ್‌ಎ ಕಪ್ ಫೈನಲ್. 1953ರಲ್ಲಿ ಇದೇ ಫೈನಲ್ ಮ್ಯಾಥ್ಯೂಸ್‌ಗೆ ಪದಕ ಕೊಟ್ಟಿತ್ತು, ಇಡೀ ದೇಶ ಅತ್ತಿತ್ತು. 1954ರಲ್ಲಿ ಫಿನ್ನಿಯ ಸರದಿ ಅಂತ ಎಲ್ಲರೂ ಕಾದಿದ್ದರು. ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವರಿಗೇ ಬಂದಿತ್ತು. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್‌ನ ಲೆಫ್ಟ್ ಬ್ಯಾಕ್ ಲೆನ್ ಮಿಲ್ಲಾರ್ಡ್ ಅವರನ್ನು ಅಲುಗಾಡಲು ಬಿಡಲಿಲ್ಲ. 2-1 ಮುಂದಿದ್ದ ಪ್ರೆಸ್ಟನ್ 3-2ರಿಂದ ಸೋತಿತು. ಚೆನ್ನಾಗಿ ಆಡಲಿಲ್ಲ ಅಂತ ಫಿನ್ನಿಯವರೇ ನಂತರ ನೇರವಾಗಿ ಒಪ್ಪಿಕೊಂಡರು. ದೊಡ್ಡ ಪದಕ ಒಂದೂ ಇಲ್ಲದೆ ಅವರ ಆಟ ಮುಗಿಯಿತು. 1951ರಲ್ಲಿ ಲೀಗ್‌ನ ಕೆಳಗಿನ ಹಂತವಾದ ಎರಡನೇ ಡಿವಿಷನ್ ಗೆದ್ದದ್ದು ಬಿಟ್ಟರೆ ಶಾಂತಿಕಾಲದಲ್ಲಿ ಏನೂ ಇಲ್ಲ. ಪಲೆರ್ಮೊ ಬೇಡ, ಇಂಗ್ಲೆಂಡಿನದೇ ಯಾವುದಾದರೂ ದೊಡ್ಡ ಕ್ಲಬ್‌ಗೆ ಹೋಗುವ ಹಕ್ಕಿದ್ದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

34ನೇ ವಯಸ್ಸಿನಲ್ಲಿ ಮ್ಯಾನೇಜರ್ ಕ್ಲಿಫ್ ಬ್ರಿಟನ್ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿದರು. ವಿಂಗರ್ ಕಾಲು ಸೋಲುವ ವಯಸ್ಸಿನಲ್ಲಿ ಹೊಸ ಜಾಗ, ಹೊಸ ಆಟ. ಪ್ರೆಸ್ಟನ್ 1957ರಲ್ಲಿ ಮೂರನೇ ಸ್ಥಾನ, 1958ರಲ್ಲಿ ಎರಡನೇ ಸ್ಥಾನ. 1957ರಲ್ಲಿ ಮತ್ತೆ ಶ್ರೇಷ್ಠ ಆಟಗಾರ ಪ್ರಶಸ್ತಿ. ಎರಡು ಸಲ ಪಡೆದ ಮೊದಲಿಗರು. ಆಗಿನ ಜನ ಒಂದು ಚಟಾಕಿ ಹಾರಿಸುತ್ತಿದ್ದರಂತೆ: ಫಿನ್ನಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಬೇಕು, ಅವರನ್ನು ನಂಬಿಕೊಂಡು ಹತ್ತು ಜನ ಬದುಕುತ್ತಿದ್ದಾರಲ್ಲ ಅಂತ.

ಆ ಮಾತು ಎಷ್ಟು ನಿಜ ಅಂತ ಬೇಗನೆ ಗೊತ್ತಾಯಿತು. 1960ರ ಏಪ್ರಿಲ್ 30ರಂದು ಲೂಟನ್ ವಿರುದ್ಧ ಡೀಪ್‌ಡೇಲ್‌ನಲ್ಲಿ ಫಿನ್ನಿ ಕೊನೆಯ ಲೀಗ್ ಪಂದ್ಯ ಆಡಿದರು. ತೊಡೆಸಂದಿನ ನೋವು ಬಿಡುತ್ತಿರಲಿಲ್ಲ. ಮುಂದಿನ ಸೀಸನ್‌ನಲ್ಲೇ ಪ್ರೆಸ್ಟನ್ ಮೊದಲ ಡಿವಿಷನ್‌ನಿಂದ ಕೆಳಗಿಳಿಯಿತು. ಇಲ್ಲಿಯವರೆಗೂ ಮತ್ತೆ ಮೇಲಕ್ಕೆ ಬಂದಿಲ್ಲ. ಲೀಗ್‌ನಲ್ಲಿ 433 ಪಂದ್ಯ, 187 ಗೋಲು. ಒಂದು ಸಲವೂ ರೆಫರಿ ಅವರ ಹೆಸರು ಬರೆದುಕೊಳ್ಳಲಿಲ್ಲ.

ಫಿನ್ನಿ ಬೂಟು ಕಳಚಿದ ಒಂಬತ್ತೇ ತಿಂಗಳಿಗೆ, 1961ರ ಜನವರಿಯಲ್ಲಿ, ಸಂಬಳದ ಮಿತಿ ಬಿದ್ದುಹೋಯಿತು. ಜಿಮ್ಮಿ ಹಿಲ್ ನಾಯಕತ್ವದಲ್ಲಿ ಆಟಗಾರರು ಮುಷ್ಕರ ಹೂಡುತ್ತೇವೆ ಅಂದದ್ದೇ ಲೀಗ್ ಬಗ್ಗಿತು. ಫುಲ್ಹಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಸಿಕ್ಕಿತು. ಇದರ ಬಗ್ಗೆ ಫಿನ್ನಿ ಹೊಟ್ಟೆಕಿಚ್ಚು ಪಟ್ಟವರಲ್ಲ. ಪಲೆರ್ಮೊ ಬಗ್ಗೆ ಕೇಳಿದವರಿಗೂ ಕಹಿ ಇಲ್ಲದೆ ಉತ್ತರ ಕೊಟ್ಟರು.

ಆ ಪ್ರೀತಿ ನಿಜವಾದದ್ದು ಅಂತ ನನಗೆ ತೋರುವುದು ಆಡಿದ ವರ್ಷಗಳಿಂದಲ್ಲ, ಆಟ ಬಿಟ್ಟ ನಂತರದ ಐವತ್ತು ವರ್ಷಗಳಿಂದ. ಆಗ ಅವರನ್ನು ಕಟ್ಟಿಹಾಕಲು ಯಾವ ಪಟ್ಟಿಯೂ ಇರಲಿಲ್ಲ. ಆದರೂ ಅವರು ಪ್ರೆಸ್ಟನ್‌ನಲ್ಲೇ ಉಳಿದರು. ವ್ಯವಹಾರ ಬೆಳೆಸಿದರು. ಊರಿನ ಮ್ಯಾಜಿಸ್ಟ್ರೇಟ್ ಆದರು, ಆರೋಗ್ಯ ಪ್ರಾಧಿಕಾರದ ಕೆಲಸ ಹೊತ್ತರು, ಕ್ಲಬ್‌ನ ಅಧ್ಯಕ್ಷ ಗೌರವ ಪಡೆದರು. 1998ರಲ್ಲಿ ಸರ್ ಪದವಿ ಬಂತು. ಹೆಂಡತಿ ಎಲ್ಸಿಗೆ ಆಲ್ಜೈಮರ್ಸ್ ಬಂದಾಗ ಪಕ್ಕದಲ್ಲೇ ಇದ್ದು ನೋಡಿಕೊಂಡರು. 2014ರ ಫೆಬ್ರವರಿ 14ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದೆಲ್ಲದರ ನಡುವೆ 1963ರ ಒಂದು ಸಂಗತಿ ಇದೆ. ಫಿನ್ನಿ ಬಗ್ಗೆ ಓದಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ನ್ಯೂಕಾಸಲ್‌ನ ಜಾರ್ಜ್ ಈಸ್ಟಮ್ ಅನ್ನುವ ಆಟಗಾರ 1960ರಲ್ಲಿ ಗುತ್ತಿಗೆಗೆ ಸಹಿ ಹಾಕದೆ ಹೊರಗೆ ಕೂತು, ನಂತರ ಕೋರ್ಟಿಗೆ ಹೋದರು. 1963ರ ಬೇಸಿಗೆಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ತೀರ್ಪು ಕೊಟ್ಟರು. ಗುತ್ತಿಗೆ ಮುಗಿದ ಆಟಗಾರನನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ನ್ಯಾಯವಲ್ಲ ಅಂತ. ಫಿನ್ನಿಯನ್ನು ಪಲೆರ್ಮೊಗೆ ಬಿಡದ ಎರಡನೇ ಗಂಟು ಕೊನೆಗೂ ಸಡಿಲವಾಯಿತು.

ಈ ಜಾರ್ಜ್ ಈಸ್ಟಮ್‌ನ ತಂದೆಯ ಹೆಸರೂ ಜಾರ್ಜ್ ಈಸ್ಟಮ್. ಅವರು ಆಗ ಬೆಲ್‌ಫಾಸ್ಟ್‌ನ ಡಿಸ್ಟಿಲರಿ ಕ್ಲಬ್‌ನ ಮ್ಯಾನೇಜರ್. ಯುರೋಪಿಯನ್ ಕಪ್‌ನಲ್ಲಿ ಅವರ ಪುಟ್ಟ ತಂಡಕ್ಕೆ ಎದುರಾಳಿಯಾಗಿ ಬಂದದ್ದು ಲಿಸ್ಬನ್‌ನ ಬೆನ್ಫಿಕಾ. 1961, 1962ರ ಯುರೋಪ್ ಚಾಂಪಿಯನ್ನರು. ಈಸ್ಟಮ್ ಹಿರಿಯರು ಪ್ರೆಸ್ಟನ್‌ನ ಪ್ಲಂಬರ್‌ಗೆ ಕರೆ ಕಳಿಸಿದರು. ನಮಗೊಂದು ಪಂದ್ಯ ಆಡಿಕೊಡುತ್ತೀರಾ ಅಂತ. ಮೂರು ವರ್ಷದಿಂದ ಲೀಗ್ ಆಡದ, 41 ವರ್ಷದ ಫಿನ್ನಿ ಒಪ್ಪಿದರು. ಸೆಪ್ಟೆಂಬರ್ 25ರಂದು ವಿಂಡ್ಸರ್ ಪಾರ್ಕ್‌ನಲ್ಲಿ, 17 ವರ್ಷದ ಹಿಂದೆ ಇಂಗ್ಲೆಂಡಿಗೆ ಮೊದಲ ಗೋಲು ಹೊಡೆದ ಅದೇ ಮೈದಾನದಲ್ಲಿ, ಬೇರೆ ಕ್ಲಬ್‌ನ ಅಂಗಿ ಹಾಕಿಕೊಂಡು ಯುರೋಪಿಯನ್ ಕಪ್ ಆಡಿದರು. ಪಂದ್ಯ 3-3 ಡ್ರಾ. ಲಿಸ್ಬನ್‌ನ ಎರಡನೇ ಪಂದ್ಯಕ್ಕೆ ಫಿನ್ನಿ ಹೋಗಲಿಲ್ಲ. ಅಲ್ಲಿ ಡಿಸ್ಟಿಲರಿ 5-0ರಿಂದ ಸೋತಿತು.